ಅರ್ಧ ವಾಗ್ದಾನ

ಹೊಸ ವರ್ಷದ ಬೆಳಗ್ಗೆ ಆರಾಧನೆ ಮುಗಿದರೂ ಧಾರವಾಡದ ಆ ಸಣ್ಣ ಚರ್ಚಿನಲ್ಲಿ ಯಾರೂ ಚಪ್ಪಲಿ ಹುಡುಕುವುದಿಲ್ಲ. ಪೀಠದ ಮುಂದೆ ಒಂದು ಹಿತ್ತಾಳೆಯ ತಟ್ಟೆ ಇಟ್ಟಿರುತ್ತಾರೆ. ಅದರ ತುಂಬ ಕಾಗದದ ಸುರುಳಿಗಳು. ಒಂದೊಂದೂ ಬೀಡಿಯಷ್ಟು ದಪ್ಪ, ನಡುವಿಗೆ ಕೆಂಪು ದಾರದ ಗಂಟು. ಸಭೆಯವರು ಸಾಲಾಗಿ ಬಂದು, ಕಣ್ಣು ಮುಚ್ಚಿ, ಒಂದೊಂದು ಎತ್ತಿಕೊಳ್ಳಬೇಕು. ಒಳಗೆ ಬೈಬಲ್ಲಿನ ಒಂದು ವಚನ ಅಚ್ಚಾಗಿರುತ್ತದೆ. ಆ ವರ್ಷಕ್ಕೆ ದೇವರು ಆ ಮನುಷ್ಯನಿಗೆ ಕೊಟ್ಟ ವಾಗ್ದಾನ ಅದು. ಕೆಲವರು ಕನ್ನಡಿಯ ಮೂಲೆಗೆ ಸಿಕ್ಕಿಸುತ್ತಾರೆ, ಕೆಲವರು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹನ್ನೆರಡು ತಿಂಗಳು ಅದನ್ನೇ ಹಿಡಿದು ನಡೆಯುತ್ತಾರೆ.

ಆ ಸುರುಳಿಗಳನ್ನು ಕಟ್ಟುವವನು ಯಾಕೋಬಪ್ಪ. ಗಂಟೆ ಹೊಡೆಯುವುದು, ಬೆಂಚು ಒರೆಸುವುದು, ಅಂಗಳ ಗುಡಿಸುವುದು ಎಲ್ಲ ಅವನದೇ. ಚರ್ಚಿನ ಹಿಂದಿನ ಎರಡು ಕೋಣೆಯ ಹೆಂಚಿನ ಮನೆಯಲ್ಲಿ ನಲವತ್ತೆರಡು ವರ್ಷದಿಂದ ಇದ್ದಾನೆ. ಅಷ್ಟರಲ್ಲಿ ಒಂಬತ್ತು ಮಂದಿ ಪಾಸ್ಟರು ಬಂದು ಹೋದರು. ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿಯಿಂದ ವಚನದ ದೊಡ್ಡ ಹಾಳೆಗಳು ಬರುತ್ತವೆ. ಯಾವ ಪಾಸ್ಟರಿದ್ದರೂ ಅವನ್ನು ಯಾಕೋಬಪ್ಪನ ಕೈಗೆ ಕೊಟ್ಟು ಬೇರೆ ಕೆಲಸ ನೋಡುತ್ತಾರೆ. ಕತ್ತರಿಸಿ, ಸುತ್ತಿ, ದಾರ ಕಟ್ಟುವುದರಲ್ಲಿ ಏನಿದೆ?

ಅದರಲ್ಲಿ ಏನಿತ್ತು ಎಂಬುದು ಯಾಕೋಬಪ್ಪನಿಗೆ ಒಬ್ಬನಿಗೇ ಗೊತ್ತಿತ್ತು.

ಅವನು ಕಲಿತದ್ದು ಎರಡನೆಯ ಇಯತ್ತೆ. ಇವತ್ತಿಗೂ ಅಕ್ಷರಕ್ಕೆ ಅಕ್ಷರ ಕೂಡಿಸಿಯೇ ಓದುತ್ತಾನೆ. ಆದರೆ ಕೆಲವು ಶಬ್ದಗಳ ಮುಖ ಅವನಿಗೆ ದೂರದಿಂದಲೇ ಗುರುತು. ಕಷ್ಟ, ಸಂಕಟ, ಶ್ರಮೆ, ಕಣ್ಣೀರು, ಮರಣ. ಈ ಗುರುತು ಬಿದ್ದದ್ದು ಅವನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಆ ಹೊಸ ವರ್ಷದ ದಿನ ಅವನ ಹೆಂಡತಿ ರೂತವ್ವ ಎತ್ತಿದ ಸುರುಳಿಯಲ್ಲಿ, ದೇವರು ತಾನು ಪ್ರೀತಿಸುವವರನ್ನೇ ದಂಡಿಸುತ್ತಾನೆ ಎಂಬ ಮಾತು ಬಂದಿತ್ತು. ಅಲ್ಲಿಂದ ಆಕೆ ನಾಲ್ಕು ವರ್ಷದ ಮಗನನ್ನು ನೋಡುವ ರೀತಿಯೇ ಬೇರೆಯಾಯಿತು. ಹುಡುಗ ಕೆಮ್ಮಿದರೆ ಬೆಚ್ಚುವಳು, ಬಿದ್ದರೆ ಚೀರುವಳು. ಜುಲೈ ತಿಂಗಳಲ್ಲಿ ಹುಡುಗನಿಗೆ ಗಂಟಲ ಬೇನೆ ಬಂದು ಐದೇ ದಿನದಲ್ಲಿ ತೀರಿಕೊಂಡ. ರೂತವ್ವ ಅಳಲಿಲ್ಲ. "ದೇವರು ಮೊದಲ ಹೇಳಿದ್ದ," ಅಂದಳು, ಅಷ್ಟೇ. ಆಮೇಲೆ ಮಗಳು ಭಾಗ್ಯಾ ಹುಟ್ಟಿದರೂ, ಸಾಯುವ ತನಕ ರೂತವ್ವ ಆ ತಟ್ಟೆಗೆ ಕೈ ಹಾಕಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಯಾಕೋಬಪ್ಪ ಹಾಳೆ ಕತ್ತರಿಸಲು ಕೂತಾಗ, ಸಂಕಟ ಎಂಬ ಶಬ್ದ ಕಂಡಿತು. ಆ ಚೀಟಿಯನ್ನು ಬದಿಗೆ ಇಟ್ಟ. ಇನ್ನೊಂದರಲ್ಲಿ ಮೇಲಿನ ಸಾಲು ಕಷ್ಟದ್ದು, ಕೆಳಗಿನ ಸಾಲು ಸಮಾಧಾನದ್ದು ಇತ್ತು. ನಡುವೆ ಕತ್ತರಿ ಆಡಿಸಿ ಕೆಳಗಿನದನ್ನು ಮಾತ್ರ ಸುತ್ತಿದ. ದೇವರಿಗಿಂತ ತನ್ನ ಕೈ ಮೆತ್ತಗೆ ಎಂದು ಅವನು ಮನಸ್ಸಿನಲ್ಲಿ ಕೂಡ ಅಂದುಕೊಂಡಿರಲಿಲ್ಲ. ಕೈ ತಾನೇ ಹಾಗೆ ಮಾಡಿತು, ವರ್ಷ ವರ್ಷವೂ ಮಾಡಿತು. ಉಳಿದ ಚೀಟಿಗಳನ್ನು ಕಸಕ್ಕೆ ಹಾಕಲು ಧೈರ್ಯವಾಗಲಿಲ್ಲ, ಸುಡಲೂ ಆಗಲಿಲ್ಲ. ದೇವರ ಮಾತಲ್ಲವೇ! ಒಂದು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ತುಂಬಿ ಮಂಚದ ಕೆಳಗೆ ತಳ್ಳಿದ. ಸಭೆಯವರಿಗೆ ಇದರ ಸುಳಿವೇ ಇಲ್ಲ. "ನಮ್ಮ ತಟ್ಟ್ಯಾಗ ಕೈ ಹಾಕಿದ್ರ ಬರೇ ಛಲೋ ವಚನಾನ ಬರ್ತಾವ್ರಿ," ಎಂದು ಬೇರೆ ಚರ್ಚಿನವರ ಮುಂದೆ ಹೇಳಿಕೊಳ್ಳುತ್ತಿದ್ದರು.

ಈ ವರ್ಷ ಆ ತಟ್ಟೆಗೆ ಕೈ ಹಾಕಿದವರಲ್ಲಿ ಅಳಿಯ ಎಲಿಯಾ ಒಬ್ಬ. ಭಾಗ್ಯಾಳ ಗಂಡ. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸ, ರಾಯಾಪುರದಲ್ಲಿ ಬಾಡಿಗೆ ಮನೆ, ಏಳು ವರ್ಷದ ಮಗಳು ಸೃಷ್ಟಿ. ಅವನು ಸುರುಳಿ ಬಿಚ್ಚಿ ಅಲ್ಲಿಯೇ ಓದಿದ. ಕರ್ತನು ಎಲುಬುಗಳನ್ನೆಲ್ಲ ಕಾಯುತ್ತಾನೆ, ಒಂದೂ ಮುರಿಯದು ಎಂಬ ವಚನ.

"ಭಾಗ್ಯಾ, ನನ್ನ ಎಲುಬಿಗೆ ವಿಮಾ ಆತು ನೋಡು," ಎಂದು ನಕ್ಕ. "ಇನ್ನ ಗಾಡಿ ಜೋರ ಹೊಡೀತೇನಿ."

"ಹೊಡೀರಿ ಹೊಡೀರಿ. ತಲಿಗೆ ಬ್ಯಾರೆ ಚೀಟಿ ಎತ್ತಬೇಕಾಕ್ಕೈತಿ," ಅಂದಳು ಭಾಗ್ಯಾ.

ತಟ್ಟೆ ಹಿಡಿದು ನಿಂತಿದ್ದ ಯಾಕೋಬಪ್ಪನೂ ನಕ್ಕ. ಆ ವಚನದ ಮೇಲಿನ ಸಾಲು ಡಬ್ಬಿಯಲ್ಲಿತ್ತು. ನೀತಿವಂತನಿಗೆ ಬರುವ ಕಷ್ಟಗಳು ಬಹಳ ಎಂಬ ಸಾಲು. ಮಗಳ ಮನೆಗೆ ಅದು ಹೋಗಲಿಲ್ಲವಲ್ಲ ಎಂದು ಅವನ ಜೀವ ತಂಪಾಯಿತು.

ಮಾರ್ಚಿನಲ್ಲಿ, ಒಂದು ಮಂಗಳವಾರ, ಸರಪಳಿಗೆ ತೂಗುಹಾಕಿದ್ದ ಎರಕದ ತುಂಡೊಂದು ಜಾರಿ ಎಲಿಯಾನ ಎಡಗಾಲಿನ ಮೇಲೆ ಬಿತ್ತು. ಅವನ ಜೊತೆ ಕೆಲಸ ಮಾಡುವ ಗುಲಾಬಸಾಬ ಅವನನ್ನು ಟೆಂಪೋದಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ದವಾಖಾನೆಗೆ ತಂದ. ಯಾಕೋಬಪ್ಪ ಹೋಗುವಷ್ಟರಲ್ಲಿ ಕಾಲಿನ ಎಕ್ಸ್‌ರೇ ಫೋಟೋ ತೆಗೆದಾಗಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಆಶ್ಚರ್ಯ ನೋಡ್ರಿ, ಎಲುಬು ಮುರದಿಲ್ಲ. ಆದ್ರ ಮಾಂಸಾ, ರಕ್ತದ ನಾಳಾ ಎಲ್ಲಾ ಜಜ್ಜಿ ಹೋಗ್ಯಾವು," ಅಂದರು.

ಭಾಗ್ಯಾಳಿಗೆ ಕೇಳಿಸಿದ್ದು ಮೊದಲಿನ ಮಾತು ಮಾತ್ರ. ಗಂಡನ ಅಂಗಿಯ ಕಿಸೆಯಿಂದ ಆ ಚೀಟಿ ತೆಗೆದು ಎಲ್ಲರಿಗೂ ತೋರಿಸಿದಳು, ನರ್ಸಮ್ಮನಿಗೂ ತೋರಿಸಿದಳು. "ನೋಡ್ರಿ, ಜನವರಿದಾಗ ಹೇಳ್ಯಾನ ನಮ್ಮ ದೇವರು. ಒಂದೂ ಮುರಿಯೂದಿಲ್ಲ ಅಂತ." ಎಲಿಯಾ ನೋವಿನಲ್ಲೂ ಹಲ್ಲು ಕಚ್ಚಿ ನಕ್ಕ.

ಐದನೆಯ ದಿನ ಪಾದ ಕರ್ರಗಾಯಿತು. ಡಾಕ್ಟರು ಮೊಣಕಾಲಿನ ಮೇಲೆ ಕಾಲು ತೆಗೆಯಬೇಕು, ಇವತ್ತೇ ತೆಗೆಯಬೇಕು, ನಂಜು ಏರುತ್ತಿದೆ ಎಂದು ಹೇಳಿ ಸಹಿಗೆ ಕಾಗದ ತಂದರು. ಭಾಗ್ಯಾ ಗಂಡನ ಮುಖ ನೋಡಿದಳು. ಗಂಡ ಚೀಟಿ ನೋಡಿದ.

"ಗರಗಸಾ ಹಚ್ಚಿ ಎಲುಬು ಕೊಯ್ತಾರು," ಅಂದ ಎಲಿಯಾ. "ಮುರಿಯೂದಿಲ್ಲ ಅಂತ ಆತ ಹೇಳಿದ ಮ್ಯಾಲ ನಾವು ಕೊಯ್ಯಾಕ ಕೊಟ್ರ, ಆತನ ಮಾತಿಗೆ ಏನ ಕಿಮ್ಮತ್ತು ಕೊಟ್ಟಂಗಾತು?"

"ಎರಡ ದಿನಾ ಪ್ರಾರ್ಥನಾ ಮಾಡೂಣ್ರಿ," ಅಂದಳು ಭಾಗ್ಯಾ.

ಗುಲಾಬಸಾಬ ಯಾಕೋಬಪ್ಪನನ್ನು ಹೊರಗೆ ಕರೆದುಕೊಂಡು ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು. "ಕಾಕಾ, ನಿಮ್ಮ ಮಾತು ಕೇಳ್ತಾರ ಅವ್ರು. ಹೇಳ್ರಿ. ಕಾಲಿಲ್ಲದಂವಾ ಕುಂತಾದ್ರೂ ದೇವರ ಹೆಸರ ತೊಗೋತಾನು. ಜೀವ ಇಲ್ಲದಂವಾ ಹೆಂಗ ತೊಗೋತಾನ್ರಿ?"

"ಹೇಳ್ತೇನಿ," ಅಂದ ಯಾಕೋಬಪ್ಪ.

ಒಳಗೆ ಹೋಗಿ ಮಂಚದ ಬಾಜು ನಿಂತ. ಹೇಳಬೇಕಾದದ್ದು ದೊಡ್ಡ ಮಾತೇನಲ್ಲ. ಆ ವಚನಕ್ಕೆ ಇನ್ನೊಂದು ಸಾಲು ಐತಿ, ಅದನ್ನ ನಾನ ಕತ್ತರಸೇನಿ, ಕಷ್ಟ ಬರೂದಿಲ್ಲ ಅಂತ ದೇವರು ಎಲ್ಲೂ ಹೇಳಿಲ್ಲ. ಇಷ್ಟೇ. ಆದರೆ ಮಗಳು ತಲೆಗೆ ಸೆರಗು ಹೊದ್ದು ಕಣ್ಣು ಮುಚ್ಚಿ ಕೂತಿದ್ದಳು. ಅಳಿಯ ಆ ಚೀಟಿಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದ. ಈಗ ಹೇಳಿದರೆ ಇವರ ಕೈಯೊಳಗಿನ ಆಸರೆಯನ್ನೇ ಕಿತ್ತುಕೊಂಡ ಹಾಗೆ ಎನಿಸಿತು. ನಾಳೆ ಹೇಳೋಣ ಅಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ. ಮೂರನೆಯ ದಿನ ಎಲಿಯಾನಿಗೆ ಎಚ್ಚರ ತಪ್ಪಿತು. ಭಾಗ್ಯಾ ತಾನೇ ಓಡಿಹೋಗಿ ಸಹಿ ಮಾಡಿದಳು. ಕಾಲು ತೆಗೆದರು. ಅಷ್ಟರೊಳಗೆ ನಂಜು ಮೈಯೆಲ್ಲ ಏರಿತ್ತು. ಸಂಜೆ ನಾಲ್ಕರ ಸುಮಾರಿಗೆ ಎಲಿಯಾ ತೀರಿಕೊಂಡ. ಅವನಿಗೆ ಮೂವತ್ತಾರು.

ಚರ್ಚಿನ ಗಂಟೆಯನ್ನು ಯಾಕೋಬಪ್ಪನೇ ಹೊಡೆದ. ಸತ್ತವರ ವಯಸ್ಸಿನಷ್ಟು ಸಲ, ನಡುವೆ ಉಸಿರು ಬಿಟ್ಟು ಬಿಟ್ಟು ಹೊಡೆಯುವುದು ಅಲ್ಲಿನ ಪದ್ಧತಿ. ಮೂವತ್ತಾರನೆಯದಾದ ಮೇಲೂ ಹಗ್ಗ ಬಿಡದೆ ನಿಂತಿದ್ದನಂತೆ. ಬೇರೆಯವರು ಬಂದು ಕೈ ಬಿಡಿಸಿದರು.

ಭಾಗ್ಯಾ ಮಗಳನ್ನು ಕರೆದುಕೊಂಡು ಅಪ್ಪನ ಮನೆಗೆ ಬಂದಳು. ಚರ್ಚಿನ ಗೋಡೆಗೆ ಆತುಕೊಂಡ ಮನೆ ಅದು. ಆದರೆ ಅಲ್ಲಿಂದ ಮುಂದೆ ಆಕೆ ಚರ್ಚಿನ ಹೊಸ್ತಿಲು ತುಳಿಯಲಿಲ್ಲ. ರವಿವಾರ ಒಳಗೆ ಹಾಡು ಶುರುವಾದರೆ ಆಕೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಕೂರುತ್ತಿದ್ದಳು. ಹಾಡು ಏರಿದಷ್ಟೂ ಬಟ್ಟೆ ಜೋರಾಗಿ ಬಡಿಯುವಳು. ಪಾಸ್ಟರು, ಎಳೆ ವಯಸ್ಸಿನ ಒಳ್ಳೆಯ ಮನುಷ್ಯ, ಒಂದು ದಿನ ಬಂದು ದೇವರ ಉದ್ದೇಶದ ಬಗ್ಗೆ ಏನೋ ಹೇಳಲು ಹೋದರು. ಭಾಗ್ಯಾ ಕೈಯೊಳಗಿನ ಒದ್ದೆ ಬಟ್ಟೆ ಹಿಂಡುತ್ತಲೇ ಅಂದಳು, "ಅಯ್ನಾರ, ಏನೂ ಹೇಳದಽ ಸುಮ್ಮನ ಇದ್ದಿದ್ರ ನಾ ದೇವರಿಗೆ ಏನೂ ಅಂತಿದ್ದಿಲ್ಲ. ಆತ ಚೀಟಿ ಬರದು ಕೊಟ್ಟಾನ್ರಿ. ಬರದು ಕೊಟ್ಟು ಸುಳ್ಳ ಹೇಳಿದ."

ಒಳಗೆ ಸೃಷ್ಟಿಗೆ ಚಹಾ ಸೋಸುತ್ತಿದ್ದ ಯಾಕೋಬಪ್ಪನಿಗೆ ಆ ಮಾತು ಕೇಳಿಸಿತು. ಅವನ ಕತ್ತರಿಯ ತಪ್ಪು ದೇವರ ತಲೆಯ ಮೇಲೆ ಬಿದ್ದಿತ್ತು. ಬಾಯಿ ಬಿಟ್ಟರೆ ಅವನಿಗೆ ಮಗಳಿಲ್ಲ. ಬಿಡದಿದ್ದರೆ ಮಗಳಿಗೆ ದೇವರಿಲ್ಲ. ಏಪ್ರಿಲ್ ಹೋಯಿತು, ಮಳೆಗಾಲ ಹೋಯಿತು. ಅವನ ಊಟ ಅರ್ಧಕ್ಕೆ ಇಳಿಯಿತು. ಪ್ರಾರ್ಥನೆಗೆ ಕೂತರೆ, ಕ್ಷಮಿಸು ಎಂಬ ಮಾತು ಬಾಯಿಗೆ ಬರುವ ಮೊದಲೇ, ಯಾರ ಹತ್ತಿರ ಕೇಳಬೇಕೋ ಅವರ ಹತ್ತಿರ ಮೊದಲು ಹೋಗು ಎಂದು ಯಾರೋ ಎಬ್ಬಿಸಿ ಕಳಿಸಿದ ಹಾಗೆ ಆಗುತ್ತಿತ್ತು.

ಡಿಸೆಂಬರ್ ಹತ್ತಕ್ಕೆ ಹಾಳೆಗಳು ಬಂದವು. ಅದೇ ದಿನ ದಾರಿಯಲ್ಲಿ ರೇಣವ್ವ ಸಿಕ್ಕಳು. ಸಭೆಯ ಹಳೆಯ ಹೆಂಗಸು, ಬಾಯಿ ಸುಮ್ಮನಿರದು.

"ಯಾಕೋಬಣ್ಣಾ, ಈ ಸಲಾ ನನಗೊಂದು ಗಟ್ಟಿ ವಚನಾ ಕಟ್ಟಪಾ. ನನ್ನ ವೈರಿಗಳನ್ನ ಕಾಲಾಗ ತುಳೀತಾನ ಅನ್ನೂದು. ಸೊಸಿ ಕಾಟ ಹೆಚ್ಚಾಗೇತಿ."

"ನಿನ್ನ ಸೊಸಿನೂ ಅದನ್ನ ಕೇಳ್ಯಾಳವ್ವಾ," ಅಂದ ಯಾಕೋಬಪ್ಪ. ರೇಣವ್ವ ಬಿದ್ದು ಬಿದ್ದು ನಕ್ಕಳು. ಅವನಿಗೆ ನಗು ಬರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ. ಸೃಷ್ಟಿ ಶಾಲೆಗೆ ಹೋಗಿದ್ದಳು. ಭಾಗ್ಯಾ ಪಡಸಾಲೆಯ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಯಾಕೋಬಪ್ಪ ಹಾಳೆಗಳನ್ನು ಗೂಟದ ಚೀಲಕ್ಕೆ ಹಾಕಿ, ಮಂಚದ ಕೆಳಗೆ ಬಗ್ಗಿ, ಡಬ್ಬಿ ಎಳೆದು ತಂದು ಮಗಳ ಮುಂದೆ ಇಟ್ಟ. ಮುಚ್ಚಳ ತುಕ್ಕು ಹಿಡಿದಿತ್ತು. ಚಾಕುವಿನ ತುದಿಯಿಂದ ಎಬ್ಬಿಸಿದ.

"ಏನಪ್ಪಾ ಇದು?"

"ಓದು."

ಆಕೆ ಒಂದು ಚೀಟಿ ತೆಗೆದಳು. ಇನ್ನೊಂದು, ಮತ್ತೊಂದು. ಕೆಳಗಿನವು ಹಳದಿಯಾಗಿ ಮುಟ್ಟಿದರೆ ಮುರಿಯುತ್ತಿದ್ದವು. ಎಲ್ಲದರಲ್ಲೂ ನೋವಿನದೇ ಮಾತು. ಯಾಕೋಬಪ್ಪ ನೆಲದ ಮೇಲೆ ಕೂತು, ರೂತವ್ವನ ಚೀಟಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಸರ ಮಾಡಲಿಲ್ಲ, ಏನನ್ನೂ ಬಿಡಲಿಲ್ಲ. ಹೇಳುತ್ತಿದ್ದಂತೆ ಭಾಗ್ಯಾಳ ಕೈ ನಿಂತಿತು. ಆಕೆ ಎದ್ದು ಒಳಗೆ ಹೋಗಿ, ಟ್ರಂಕಿನಿಂದ ಎಲಿಯಾನ ಚೀಟಿ ತಂದಳು. ಡಬ್ಬಿಯ ಮೇಲ್ಪದರದಲ್ಲೇ ಅದರ ಜೋಡಿ ಸಿಕ್ಕಿತು. ಯಾಕೋಬಪ್ಪನ ಕತ್ತರಿಯ ಅಲಗಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಅದರಿಂದ ಕತ್ತರಿಸಿದ ಪ್ರತಿ ಅಂಚಿಗೂ ಒಂದು ಹಲ್ಲು ಮೂಡುತ್ತಿತ್ತು. ಎರಡೂ ತುಂಡನ್ನು ಮೊರದ ಮೇಲೆ ಸೇರಿಸಿದಾಗ ಹಲ್ಲಿಗೆ ಹಲ್ಲು ಕೂತಿತು.

"ಇದನ್ನ ನೀನಽ ಕತ್ತರಿಸಿದಿ?"

"ಹೂಂ."

"ದವಾಖಾನಿಯಾಗ ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಮೂರ ದಿನಾ, ಅಪ್ಪಾ. ಮೂರ ದಿನಾ ಅವರ ಮಂಚದ ಬಾಜೂ ನಿಂತಿದ್ದಿ."

"ನಿಂತಿದ್ನಿ," ಅಂದ ಯಾಕೋಬಪ್ಪ.

"ಮ್ಯಾಲಿನ ಸಾಲು ಓದಿದ್ರ ನಾವು ಕಾಲು ಕೊಡ್ತಿದ್ವಿ," ಅಂದಳು ಭಾಗ್ಯಾ. ದನಿ ಏರಲಿಲ್ಲ. "ಕಷ್ಟ ಬಹಳ ಅಂತ ಐತಿ. ಓದಿದ್ರ, ಹಾಂ, ಇದು ಅದಽ ಕಷ್ಟ, ಬಂತು, ದಾಟೂಣು ಅಂತಿದ್ವಿ. ಒಂದ ಕಾಲಿಲೆ ಮನೀಗೆ ಬರ್ತಿದ್ರು. ಕಟ್ಟೀ ಮ್ಯಾಲ ಕುಂತು ಸೃಷ್ಟಿಗೆ ಮಗ್ಗೀ ಹೇಳಿಕೊಡ್ತಿದ್ರು." ಆಮೇಲೆ ಎರಡೂ ತುಂಡಿನ ಮೇಲೆ ಬೆರಳಿಟ್ಟು ಕೇಳಿದಳು, "ಹಂಗಾರ ಇದು ಯಾರ ಕೆಲಸಾ? ದೇವರ ಚಿತ್ತಾನೋ, ನಿನ್ನ ಕತ್ತರೀದೋ?"

ಒಂಬತ್ತು ತಿಂಗಳು ಅದನ್ನೇ ಕೇಳಿಕೊಂಡಿದ್ದ ಯಾಕೋಬಪ್ಪ. "ಕತ್ತರಿ ನಂದು," ಅಂದ. "ಅದರ ಪಾಪಾ ನಂದು, ಅದನ್ನ ದೇವರ ಮ್ಯಾಲ ಹಾಕೂದಿಲ್ಲ. ಇದರಾಗ ಆತನ ಉದ್ದೇಶಾ ಏನೈತೋ ನನಗ ಗೊತ್ತಿಲ್ಲವ್ವಾ. ಆದ್ರ ನನ್ನ ಕತ್ತರಿಗಿಂತಾ ಆತ ಸಣ್ಣಾಂವ ಅಲ್ಲ. ಅಷ್ಟು ನಂಬೇನಿ. ಅದನ್ನೂ ಬಿಟ್ರ ನನಗ ನಿಲ್ಲಾಕ ನೆಲಾ ಇಲ್ಲ."

"ನಿನಗ ನೆಲಾ ಐತಿ," ಅಂದಳು ಭಾಗ್ಯಾ. "ನನಗ?"

"ಸುಳ್ಳ ಹೇಳಿದಾಂವ ನಾನು," ಅಂದ ಯಾಕೋಬಪ್ಪ. "ಆತ ಅಲ್ಲ. ಅದನ್ನ ಹೇಳಾಕಽ ಕುಂತೇನಿ."

ನಾಲ್ಕು ದಿನ ಆಕೆ ಅಪ್ಪನ ಜೊತೆ ಮಾತಾಡಲಿಲ್ಲ. ರೊಟ್ಟಿ ಬಡಿದು ತಾಟಿನಲ್ಲಿ ಇಟ್ಟು ಎದ್ದು ಹೋಗುವಳು. ಐದನೆಯ ದಿನ ಯಾಕೋಬಪ್ಪ ಗಂಟೆ ಹೊಡೆದು ಬಂದಾಗ, ಆಕೆ ಪಡಸಾಲೆಯಲ್ಲಿ ಹಾಳೆ ಹರಡಿಕೊಂಡು ಕೂತಿದ್ದಳು. ಅಂಗಡಿಯಿಂದ ಹೊಸ ಕತ್ತರಿ ತಂದಿದ್ದಳು. ವಚನದ ಸುತ್ತಲಿನ ಗೆರೆಯ ಮೇಲಷ್ಟೇ ಕತ್ತರಿಸುತ್ತಿದ್ದಳು. ಸಂಕಟ ಇದ್ದದ್ದು ಸಂಕಟದ ಸಮೇತ ಸುತ್ತಿಕೊಳ್ಳುತ್ತಿತ್ತು. ಅವನು ದಾರದ ಉಂಡೆಗೆ ಕೈ ಚಾಚಿದ.

"ಮುಟ್ಟಬ್ಯಾಡ," ಅಂದಳು. ಒಂದು ಸುರುಳಿಗೆ ದಾರ ಕಟ್ಟಿ, ತಲೆ ಎತ್ತದೆ, "ಸಭಾದ ಮುಂದ ನೀನಽ ಹೇಳಬೇಕು. ಹೊಸ ವರ್ಷದ ದಿನಾ. ನನ್ನಂಗ ಇನ್ನೂ ಎಷ್ಟ ಮಂದಿ ಅರ್ಧಾ ಹಿಡಕೊಂಡು ಕುಂತಾರೋ."

ಹೊಸ ವರ್ಷದ ಬೆಳಗ್ಗೆ, ತಟ್ಟೆ ಇಡುವ ಹೊತ್ತಿಗೆ, ಯಾಕೋಬಪ್ಪ ಪಾಸ್ಟರ ಅಪ್ಪಣೆ ಕೇಳಿ ಪೀಠದ ಮುಂದೆ ನಿಂತ. ಎಡಗೈಯಲ್ಲಿ ಡಬ್ಬಿ ಇತ್ತು. ನಲವತ್ತೆರಡು ವರ್ಷ ಆ ಜಾಗದಲ್ಲಿ ಅವನು ಬಾಯಿ ತೆರೆದವನಲ್ಲ. ಹೇಳಿದ. ನಾಲ್ಕೈದು ಮಾತಿನಲ್ಲಿ ಮುಗಿಯಿತು.

ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಬೆಂಚುಗಳಲ್ಲಿ ಒಂದು ಗುಜುಗುಜು ಎದ್ದಿತು. "ಹಂಗಾರ ನನ್ನ ಗಂಡ ತೀರಿಕೊಂಡ ವರ್ಷ ನನಗ ಬಂದ ವಚನಾ?" ಎಂದು ರೇಣವ್ವ ಕೇಳಿದಳು. ಆಕೆಯ ದನಿಯಲ್ಲಿ ಎಂದಿನ ಆಟ ಇರಲಿಲ್ಲ. ಯಾಕೋಬಪ್ಪ ಡಬ್ಬಿಯನ್ನು ಮುಂದೆ ಚಾಚಿದ. ಆಕೆ ಮುಟ್ಟಲಿಲ್ಲ. ಮುಂದಿನ ಬೆಂಚಿನ ಹಿರಿಯರೊಬ್ಬರು ಎದ್ದು ನಿಂತು, ಅವನ ಮುಖ ನೋಡದೆ ಕೈ ಚಾಚಿದರು. "ಚಾವಿ ಕೊಡ್ರಿ. ಗಂಟಿ ಕೋಣಿದು, ಬಾಗಲದ್ದು, ಎರಡೂ. ಮನಿ ವಿಚಾರ ಕಮಿಟಿದಾಗ ಮಾತಾಡೂಣು." ಯಾಕೋಬಪ್ಪ ಉಡಿದಾರಕ್ಕೆ ಕಟ್ಟಿದ್ದ ಚಾವಿ ಬಿಚ್ಚಲು ಹೋದ. ಗಂಟು ಬಿಗಿದಿತ್ತು. ಬಿಚ್ಚಿ ಕೊಡಲು ಬಹಳ ಹೊತ್ತು ಹಿಡಿಯಿತು. ಅರ್ಧ ಜನ ಸುರುಳಿ ಎತ್ತದೆಯೇ ಹೊರಗೆ ಹೋದರು. ಉಳಿದವರು ತಟ್ಟೆಯನ್ನು ದೂರದಿಂದ ನೋಡುತ್ತ ನಿಂತರು.

ಆಗ ಹಿಂದಿನ ಬಾಗಿಲಿನಿಂದ ಭಾಗ್ಯಾ ಬಂದಳು. ಒಂಬತ್ತು ತಿಂಗಳ ಮೇಲೆ ಆಕೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಒಂದು ಕೈಯಲ್ಲಿ ಸೃಷ್ಟಿಯ ಕೈ ಹಿಡಿದಿದ್ದಳು. ಜನ ಸರಿದು ದಾರಿ ಬಿಟ್ಟರು. ಆಕೆ ನೇರ ತಟ್ಟೆಯ ಹತ್ತಿರ ಬಂದು, ಕಣ್ಣು ಮುಚ್ಚಿ, ಒಂದು ಸುರುಳಿ ಎತ್ತಿದಳು. ದಾರ ಬಿಚ್ಚಿ ಓದಿಕೊಂಡಳು. ಮುಖ ಸಡಿಲವಾಗಲಿಲ್ಲ. ಚೀಟಿಯನ್ನು ಅಪ್ಪನ ಮುಂದೆ ಹಿಡಿದಳು.

"ಓದು. ಪೂರಾ ಓದು."

ಯಾಕೋಬಪ್ಪ ಕನ್ನಡಕ ಏರಿಸಿದ. ನೀರು ಎಂಬ ಶಬ್ದ ಕಂಡಿತು, ಹೊಳೆ ಎಂಬುದು ಕಂಡಿತು, ಕೆಳಗೆ ಬೆಂಕಿ ಎಂಬುದೂ ಕಂಡಿತು. ಹಿಂದಿನ ವರ್ಷಗಳಾಗಿದ್ದರೆ ಈ ಮೂರನ್ನೂ ತೆಗೆದು, ಜೊತೆಗಿರುತ್ತೇನೆ ಎಂಬುದೊಂದನ್ನೇ ಸುತ್ತುತ್ತಿದ್ದ. ಎಲ್ಲಿ ಜೊತೆಗಿರುತ್ತೇನೆ ಎಂದು, ನೀರು ದಾಟುವಾಗ, ಬೆಂಕಿಯಲ್ಲಿ ನಡೆಯುವಾಗ ಎಂದು ದೇವರು ಹೇಳಿದ್ದು ಡಬ್ಬಿಯಲ್ಲಿ ಉಳಿಯುತ್ತಿತ್ತು. ಈಗ ಅವನು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತ, ನೀರಿನಿಂದ ಶುರುಮಾಡಿದ. ಎರಡನೆಯ ಸಾಲಿನಲ್ಲಿ ಅವನ ಬೆರಳು ನಿಂತುಬಿಟ್ಟಿತು.

ಭಾಗ್ಯಾ ಚೀಟಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನಿಗೆ ಕಾಣುವ ಹಾಗೆ ಇನ್ನಷ್ಟು ಹತ್ತಿರ ಹಿಡಿದಳು.

"ಮುಂದ," ಅಂದಳು.